ಪಿಸ್ತೂಲಿಗೆ ಕುಲಾವಿ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಗಾದೆ ಕೇಳಿದ್ದೀರಲ್ಲ, ತೀರ್ಥಹಳ್ಳಿಯ ನಮ್ಮ ಭಾವ ಆ ಕುಲಾವಿಯನ್ನು ದನದ ಚರ್ಮದಲ್ಲಿ ಹೊಲಿದಿದ್ದಾರೆ. ಪಿಸ್ತೂಲಿಗೆ. ಅವರ ಹತ್ತಿರ ಪಿಸ್ತೂಲಿಲ್ಲ. ಅಪ್ಪನ ಕಾಲದ ತೋಟದ ಕೋವಿಯೊಂದಿದೆ. ಅದೂ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬರುತ್ತದೆ. ಅಷ್ಟುದ್ದದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಸಂಕ ದಾಟುವುದುಂಟೆ? ಹಾಗಾಗಿ ಅಳತೆಗೆ ಸಿಕ್ಕಿದ್ದು ಮಗನ ದೀಪಾವಳಿಯ ಕೇಪು ಪಿಸ್ತೂಲು.

"ಕ್ರೋಮ್ ಚರ್ಮ ಆಗೋದಿಲ್ಲ ಮಾರಾಯ, ತೊಗಟೆಯ ಚೊಗರಲ್ಲಿ ಹದ ಮಾಡಿದ್ದೇ ಬೇಕು" ಅಂತ ನನಗೆ ಪಾಠ. ಅಡಕೆ ಬೇಯಿಸುವ ಮನೆಯವನಿಗೆ ಚೊಗರಿನ ಪಾಠ! ಅಂಥ ಚರ್ಮವನ್ನು ನೆನೆಸಿದರೆ ಹೇಳಿದ ಮಾತು ಕೇಳುತ್ತದೆ, ಒತ್ತಿದ ಆಕಾರದಲ್ಲೇ ಒಣಗುತ್ತದೆ. ತುಕ್ಕು ಹಿಡಿಯದ ಹಾಗೆ ಪಿಸ್ತೂಲಿಗೆ ಹಾಲಿನ ಪ್ಯಾಕೆಟ್ಟು ಸುತ್ತಿ ಒಳಗೆ ತುರುಕಿದರು. ಅಕ್ಕನ ಮರದ ಸೌಟಿನ ಹಿಡಿಯಿಂದ ಟ್ರಿಗರಿನ ಸುತ್ತ ತಿಕ್ಕಿ ತಿಕ್ಕಿ ಗೆರೆ ಮೂಡಿಸಿದರು. ಎರಡು ದಿನ ನಮ್ಮ ಸಾರು ಚಮಚದಲ್ಲೇ ತಿರುಗಿತು.

ಅಂಚಿನ ಕೆಲಸವೇ ಒಂದು ತಪಸ್ಸು. ಉಪ್ಪುಕಾಗದ, ನೀರು, ಮರದ ತುಂಡು, ಜೇನುಮೇಣ, ಮತ್ತೆ ಮರದ ತುಂಡು. ಎರಡು ಪದರ ಒಂದೇ ಆಗಿ ಹೊಳೆಯಬೇಕು. "ಬಚ್ಚಲ ಹಂಡೆಗೆ ಈ ಭಾಗ್ಯ ಯಾವತ್ತೋ" ಎಂದಳು ಅಕ್ಕ. ಮೊಳೆ ನೆನೆಸಿಟ್ಟ ವಿನೆಗರ್ ಸವರಿದ್ದೇ ತಡ, ಚರ್ಮ ಕರ್ರಗಾಯಿತು. ಭಾವ ಜಾದೂಗಾರನ ಹಾಗೆ ನಮ್ಮ ಮುಖ ನೋಡಿದರು. "ಈಳಿಗೆಮಣೇಲಿ ಬಾಳೆಕಾಯಿ ಹೆಚ್ಚಿದ್ರೆ ನನ್ನ ಬೆರಳೂ ಹಿಂಗೇ ಆಗತ್ತಲ್ರೀ!"

ಕೊನೆಗೆ ಎಣ್ಣೆ. "ಯಾವ ಎಣ್ಣೇರೀ ಅದು?"

"ನೀಟ್ಸ್‌ಫುಟ್ ಕಣೇ. ನೀಟಾಗಿ ಹಚ್ಚಬೇಕು."

ದನದ ಕಾಲುಮೂಳೆಯದೆಂದು ಭಾವ ಹೇಳಲಿಲ್ಲ. ನಾನೂ ಸುಮ್ಮನಿದ್ದೆ, ಊಟ ಇನ್ನೂ ಆಗಿರಲಿಲ್ಲ.

ತೊಡೆಗೆ ಇಳಿಬಿಟ್ಟು ಕಟ್ಟುವ ಕೌಬಾಯ್ ಠೀವಿ ಹೆಚ್ಚಾಗಿ 1950ರ ದಶಕದ ಸಿನಿಮಾ, ಟಿವಿಯವರದ್ದು, ನಿಜವಾದ ದನಗಾಹಿಗಳು ಸೊಂಟದ ಮಟ್ಟಕ್ಕೇ ಕಟ್ಟುತ್ತಿದ್ದರು ಎಂದರೂ ಭಾವ ತೊಡೆಗೇ ಕಟ್ಟಿಕೊಂಡು ಪೇಟೆಗೆ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೇ ಅವರಿಗೆ ಒಂದು ದಾರಕ್ಕೆ ಎರಡು ಸೂಜಿಯ ಹೊಲಿಗೆ ಕಲಿಸಿದ್ದು. ಒಂದು ಕಡೆ ದಾರ ಹರಿದರೂ ಇನ್ನೊಂದು ಬಿಡುವುದಿಲ್ಲ. ಹಿರಿಯರು ಚೀಲ ಬಿಚ್ಚಿಸಿ, ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ, ಬಾಯಿ ಅಗಲಿಸಿ ಇಣುಕಿದರು.

"ಗಟ್ಟಿ ಐತೆ ಸ್ವಾಮಿ. ಒಳಗೇನ್ ಇಡ್ತೀರಿ?"

ಭಾವ ಆಕಾಶ ನೋಡಿದರು. "ಮಳೆ ಬರೋ ಹಂಗಿದೆ, ಅಲ್ವಾ?"