ಪಿಕ್ಸೆಲ್ ಪಂಡಿತರು

ಸಾಫ್ಟ್‌ವೇರ್ ಆಫೀಸು ಯಾವುದೇ ಇರಲಿ, ಅಲ್ಲಿ ಒಬ್ಬ ಪಿಕ್ಸೆಲ್ ಪಂಡಿತರು ಇದ್ದೇ ಇರುತ್ತಾರೆ. ಹುಟ್ಟಿನಿಂದ ಪಂಡಿತರಲ್ಲ, ಮೊದಲು ಸಾಧಾರಣ ಪ್ರೋಗ್ರಾಮರ್. ಆಗ ಅವರು ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದರೆ ಶಿರಸಿ ಜಾತ್ರೆಯ ಪೇಟೆ ಹೊಕ್ಕಂತಾಗುತ್ತಿತ್ತು: ಹಸಿರು ಸೇವ್, ಕೆಂಪು ಕ್ಯಾನ್ಸಲ್, ನೇರಳೆ ಪ್ರಿಂಟ್, ಗಿರಾಕಿಯ ಹೆಸರಿಗೆ ಕಾಮಿಕ್ ಸಾನ್ಸ್ ಅಕ್ಷರ. ಡೇಟಾಬೇಸಿನಲ್ಲಿ ಎಷ್ಟು ಕಾಲಂ ಇದೆಯೋ ಸ್ಕ್ರೀನ್ ಮೇಲೆ ಅಷ್ಟೂ ಬಾಕ್ಸು.

ಆಮೇಲೆ ಗೆಳೆಯರೊಬ್ಬರು ಅವರ ಕೈಗೆ ರಾಬಿನ್ ವಿಲಿಯಮ್ಸ್ ಬರೆದ 'ದಿ ನಾನ್-ಡಿಸೈನರ್ಸ್ ಡಿಸೈನ್ ಬುಕ್' ಕೊಟ್ಟರು. 1994ರ ಪುಸ್ತಕ. ಅದರ ತಿರುಳು ನಾಲ್ಕೇ ಮಾತು: ಸಂಬಂಧಪಟ್ಟದ್ದನ್ನು ಹತ್ತಿರ ಇಡಿ, ಸಾಲು ಹಿಡಿದು ಜೋಡಿಸಿ, ಒಮ್ಮೆ ಬಳಸಿದ ಬಗೆಯನ್ನೇ ಉದ್ದಕ್ಕೂ ಬಳಸಿ, ಬೇರೆ ಕಾಣಬೇಕಾದ್ದು ಧಾರಾಳವಾಗಿ ಬೇರೆ ಕಾಣಲಿ. ನಾಲ್ಕೂ ಒಳ್ಳೆಯ ಮಾತೇ. ಆದರೆ ಪಂಡಿತರು ಅವನ್ನು ಬಗಲಲ್ಲಿಟ್ಟುಕೊಂಡು ಊರು ಸುತ್ತತೊಡಗಿದರು. ಮದುವೆ ಕಾರ್ಡು ಕೊಟ್ಟರೆ ಮುಹೂರ್ತ ನೋಡುವುದಿಲ್ಲ, "ಮೂರು ಫಾಂಟ್ ಯಾಕ್ರೀ?" ಎನ್ನುತ್ತಾರೆ. ದರ್ಶಿನಿಯಲ್ಲಿ ಬೆಲೆಪಟ್ಟಿಯ ಅಂಚು ಸೊಟ್ಟಗಿದೆಯೆಂದು ಕೌಂಟರಿನ ಮುಂದೆ ನಿಂತು ಹಿಂದಿನವರಿಂದ ಬೈಸಿಕೊಳ್ಳುತ್ತಾರೆ. (ಅಂಚು ಸೊಟ್ಟಗಿತ್ತು, ಆ ಮಾತು ಬೇರೆ.)

ಬಿಲ್ಲಿಂಗ್ ಸಾಫ್ಟ್‌ವೇರಿಗೂ ಅಭ್ಯಂಜನವಾಯಿತು. ಬಣ್ಣ ತೊಳೆದುಹೋಗಿ ಬಿಳಿಯ ಮೇಲೆ ತಿಳಿಬೂದು ಅಕ್ಷರ ಉಳಿಯಿತು. ಬಟನ್‌ಗಳೆಲ್ಲ ಮಾಯವಾಗಿ ಮೂಲೆಯಲ್ಲಿ ಮೂರು ಗೀಟು. ನೋಡಿದವರೆಲ್ಲ "ಎಷ್ಟು ನೀಟಾಗಿದೆ!" ಎಂದರು. ನೋಡಿದವರಲ್ಲಿ ಬಿಲ್ಲು ಹಾಕುವವರು ಯಾರೂ ಇರಲಿಲ್ಲ.

ಬಿಲ್ಲು ಹಾಕುವ ಅಕ್ಕ ಹಾರ್ಡ್‌ವೇರ್ ಅಂಗಡಿಯಿಂದ ಫೋನು ಮಾಡಿದರು. "ಸಾರ್, ಸೇವ್ ಎಲ್ಹೋಯ್ತು? ಗಿರಾಕಿಗಳು ಕಾಯ್ತಾ ಇದ್ದಾರೆ."

ಪಂಡಿತರು ಅಂಗಡಿಗೇ ಹೋಗಿ ಅಕ್ಕನ ಪಕ್ಕ ಸ್ಟೂಲು ಹಾಕಿಕೊಂಡರು. ಮೌಸು ಮೊಳೆ ಡಬ್ಬಿಯ ಹಿಂದೆ ಬಿದ್ದಿತ್ತು. ಅಕ್ಕನ ಎಡಗೈ ಚೀಟಿಯ ಮೇಲೆ, ಬಲಗೈ ನಂಬರ್ ಕೀಗಳ ಮೇಲೆ. ಸ್ಕ್ರೀನಿನ ಕಡೆ ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯಿಸಿದರೆ ಹೆಚ್ಚು. ಪ್ರಮಾಣ ಬರೆದು ಟ್ಯಾಬ್ ಒತ್ತಿದರು. ಕರ್ಸರು ದರಕ್ಕೆ ಹೋಗುವ ಬದಲು ಗಿರಾಕಿಯ ಪಿನ್‌ಕೋಡಿಗೆ ಹಾರಿತು. ಚೆಂದಕ್ಕೆಂದು ಬಾಕ್ಸುಗಳನ್ನು ಅತ್ತಿತ್ತ ಸರಿಸಿದ್ದ ಪಂಡಿತರು ಟ್ಯಾಬ್ ಕ್ರಮ ಬದಲಿಸುವುದನ್ನೇ ಮರೆತಿದ್ದರು. ಪಿವಿಸಿ ಪೈಪಿನ ದರ ಹೋಗಿ ಪಿನ್‌ಕೋಡ್ ಆಗಿ ಕೂತಿತ್ತು. ಇನ್ನು ಆ ತಿಳಿಬೂದು ಅಕ್ಷರ? ಓದಲು ಸಲೀಸಾಗಬೇಕಾದರೆ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಬೇಕೆಂದು ಅವರೇ ಆಫೀಸಿನಲ್ಲಿ ಎಲ್ಲರಿಗೂ ಪಾಠ ಹೇಳಿದ್ದರು.

ಈಗಿನ ವರ್ಷನ್ನಿನಲ್ಲಿ ಅಕ್ಷರ ಕಪ್ಪಗಿದೆ, ಟ್ಯಾಬ್ ನೆಟ್ಟಗೆ ದರಕ್ಕೆ ಹೋಗುತ್ತದೆ, ಸೇವ್ ಹಳೆಯ ಜಾಗದಲ್ಲೇ ಇದೆ. ಮೂರು ಗೀಟು ತೆಗೆಯಲು ಮಾತ್ರ ಪಂಡಿತರು ಇನ್ನೂ ಒಪ್ಪಿಲ್ಲ.