ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ

ಬಣಕಲ್‌ನಲ್ಲಿ ಕಾಫಿ ಮೂಟೆ ಸಾಗಿಸುವ ಪಿಕಪ್ ಒಂದೇ, ಓಡಿಸುವವರು ಹಲವರು. ಒಬ್ಬರಿಗೆ ಸ್ಟೀರಿಂಗ್ ತೊಡೆಗೆ ತಾಗಿದರೆ, ಇನ್ನೊಬ್ಬರಿಗೆ ಹೊಟ್ಟೆಗೆ. ಹೊಟ್ಟೆಯಂತೂ ಕೊಟ್ಟಿಗೆಹಾರದ ನೀರುದೋಸೆಯ ಕೃಪೆ!

ಈ ತಕರಾರಿಗೆ ಅಮೆರಿಕದ ಜನರಲ್ ಮೋಟಾರ್ಸ್ 1963ರಲ್ಲೇ ಮದ್ದು ಕೊಟ್ಟಿತ್ತು: ಮೇಲೆ-ಕೆಳಗೆ ವಾಲುವ ಟಿಲ್ಟ್ ಸ್ಟೀರಿಂಗ್. ಹಿಂದೆ-ಮುಂದೆ ಸರಿಯುವ ಟೆಲಿಸ್ಕೋಪಿಕ್ ಸೌಲಭ್ಯವೂ ಉಂಟು. ಟೊಯೋಟಾ ಹೈಲಕ್ಸ್ ಪಿಕಪ್‌ನಲ್ಲಿ ಎರಡೂ ಇವೆ. ಮೂಟೆ ಹೊರುವ ಬಡಪಾಯಿ ಗಾಡಿಗಳಲ್ಲಿ ಹಲವಕ್ಕೆ ಆ ಭಾಗ್ಯವಿಲ್ಲ. ಅಲ್ಲಿ ಸೀಟೇ ಸರಿಯಬೇಕು, ಇಲ್ಲವೇ ಹೊಟ್ಟೆ ಕರಗಬೇಕು.

ಈ ಸೌಲಭ್ಯವಿದ್ದರೆ, ಸರಿಹೊಂದಿಸುವ ಲಿವರ್ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗಿರುತ್ತದೆ. ಮೊದಲು ಸೀಟು ಸರಿಮಾಡಿ, ಆಮೇಲೆ ಸ್ಟೀರಿಂಗ್. ಏರ್‌ಬ್ಯಾಗ್ ಇದ್ದರೆ ಎದೆಯಿಂದ ಸ್ಟೀರಿಂಗಿಗೆ 25 ಸೆಂ.ಮೀ. ಅಂತರವಾದರೂ ಬೇಕು, ಮೀಟರೂ ಕಾಣಬೇಕು.

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮಾತ್ರ ಲಿವರ್ ಮುಟ್ಟಬೇಡಿ ಮಾರಾಯ್ರೆ. ಗಾಡಿ ನಿಲ್ಲಿಸಿ ಸರಿಮಾಡಿ, ಲಾಕ್ ಆಯಿತೇ ಎಂದು ಅಲುಗಿಸಿ ನೋಡಿ ಹೊರಡಿ.