ಅಶೋಕ್ ಕುಮಾರ್ ಮತ್ತು ಇತರರ ಬಹಿರಂಗ ಅರ್ಜಿ

ಇವರಿಗೆ,
ಡೊಮೈನ್ ಹೆಸರು ಕೊಂಡವರ ಮನೆ ವಿಳಾಸ ತಿಳಿಯಬಯಸುವ ಸಮಸ್ತ ಮಹನೀಯರು

ಇವರಿಂದ,
ಅಶೋಕ್ ಕುಮಾರ್ ಬಿನ್ ಗೊತ್ತಿಲ್ಲ,
ವಾಸ: ಗೊತ್ತಿಲ್ಲ, ವೃತ್ತಿ: ಪ್ರತಿವಾದಿ

ವಿಷಯ: ಅರ್ಜಿದಾರನ ಬಾಗಿಲಿಗೆ ಒಂದು ಚಿಲಕ ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಮೊದಲು ಅರ್ಜಿದಾರನ ಪರಿಚಯ. ಅಮೆರಿಕದ ಕೋರ್ಟುಗಳಲ್ಲಿ ಜಾನ್ ಡೋ ಎಂಬೊಬ್ಬನಿದ್ದಾನೆ. ತಪ್ಪು ಮಾಡಿದವರು ಯಾರೆಂದು ಗೊತ್ತಾಗದಿದ್ದಾಗ ದಾವೆ ಅವನ ತಲೆಗೆ ಬೀಳುತ್ತದೆ. 2002ರ ಫುಟ್‌ಬಾಲ್ ವಿಶ್ವಕಪ್ಪಿನ ಹೊತ್ತಿಗೆ, ಪರವಾನಗಿ ಇಲ್ಲದೆ ಪಂದ್ಯ ತೋರಿಸುವ ಹೆಸರಿಲ್ಲದ ಕೇಬಲ್ ಆಪರೇಟರುಗಳ ವಿರುದ್ಧ ದೆಹಲಿ ಹೈಕೋರ್ಟ್ ಆದೇಶ ಕೊಟ್ಟ ಮೇಲೆ ಆ ಪದ್ಧತಿ ಇಲ್ಲೂ ಬೇರು ಬಿಟ್ಟಿತು. ಜಾನ್ ಡೋಗೆ ಇಲ್ಲಿ ಆದ ನಾಮಕರಣವೇ ಅಶೋಕ್ ಕುಮಾರ್. ಅಲ್ಲಿಂದ ಅವನಿಗೆ ಬಿಡುವಿಲ್ಲ. ಸಿನಿಮಾ ಬಿಡುಗಡೆಗೆ ಮೊದಲೇ ನಿರ್ಮಾಪಕರು ಅವನ ಮೇಲೆ ಕೇಸು ಹಾಕುತ್ತಾರೆ. ದೊಡ್ಡ ಬ್ರ್ಯಾಂಡಿನ ಹೆಸರಲ್ಲಿ ಎಲ್ಲಾದರೂ ನಕಲಿ ಅಂಗಡಿ ತೆರೆದರೆ ಅದೂ ಅವನದೇ. ಒಂದು ದಿನವೂ ಕಟಕಟೆ ಹತ್ತದ, ಒಬ್ಬ ವಕೀಲರಿಗೂ ಫೀಸು ಕೊಡದ ಇಂಥ ಪ್ರತಿವಾದಿ ಇನ್ನೊಬ್ಬನಿಲ್ಲ. (ಆಧಾರ್ ಕಾರ್ಡಿನಲ್ಲೇ ಈ ಹೆಸರಿರುವ ಅಸಲಿ ಅಶೋಕ್ ಕುಮಾರರು ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಅವರ ಮುಜುಗರವನ್ನು ಯಾರೂ ವಿಚಾರಿಸಿದಂತಿಲ್ಲ.)

ಈ ಅರ್ಜಿಗೆ ಕಾರಣವಾದದ್ದು ಡಾಬರ್ ಕಂಪನಿ ಅವನ ಮೇಲೆ ಹೂಡಿದ ದಾವೆ. ವಂಚಕರು ಕಂಪನಿಯ ಹೆಸರನ್ನೇ ಹೋಲುವ ಜಾಲತಾಣಗಳನ್ನು ತೆರೆದು, ಏಜೆನ್ಸಿ ಕೊಡಿಸುತ್ತೇವೆಂದು ನಂಬಿಸಿ, ಯಾರ‍್ಯಾರೋ ಜನರಿಂದ ಹಣ ಕಿತ್ತಿದ್ದರು. ಇದು ಸಣ್ಣ ವಿಷಯವಲ್ಲ. ಹಣ ಕಳೆದುಕೊಂಡವರ ಹೊಟ್ಟೆಯುರಿ ಅರ್ಜಿದಾರನಿಗೂ ಅರ್ಥವಾಗುತ್ತದೆ. ಅಂಥ ತಾಣಗಳ ಮಾಲೀಕರು ಯಾರೆಂದು ಹುಡುಕಹೊರಟಾಗ ಸಿಕ್ಕಿದ್ದು ಖಾಸಗಿತನದ ಮುಸುಕು. ದಾವೆಗಳ ಇಡೀ ಗುಚ್ಛವನ್ನು ಒಟ್ಟಿಗೆ ವಿಚಾರಿಸಿ 2025ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಅದರ ಪ್ರಕಾರ, ಡೊಮೈನ್ ಅಂದರೆ ಜಾಲತಾಣದ ಹೆಸರು ಮಾರುವ ರಿಜಿಸ್ಟ್ರಾರುಗಳು ಗಿರಾಕಿಯ ವಿವರವನ್ನು ತಾವಾಗಿಯೇ ಮುಚ್ಚಿಡುವಂತಿಲ್ಲ. ಮುಸುಕು ಬೇಕೆಂದು ಗಿರಾಕಿಯೇ ಕೇಳಬೇಕು, ಕೇಳಿ ಅದಕ್ಕೆ ಬೇರೆ ದುಡ್ಡು ಕೊಡಬೇಕು. ನ್ಯಾಯಯುತ ಕಾರಣವಿದ್ದು ಕೇಳಿದವರಿಗೆ 72 ಗಂಟೆಯೊಳಗೆ ವಿವರ ಕೊಡಬೇಕು.

ಕೊನೆಯ ಮಾತಿಗೆ ಅರ್ಜಿದಾರನ ತಕರಾರಿಲ್ಲ. ಕಳ್ಳನನ್ನು ಹಿಡಿಯಲು ಹೊರಟವರು ಕಾರಣ ಬರೆದುಕೊಟ್ಟು ವಿವರ ಪಡೆಯುವುದೇ ಸರಿ. ಅವನಿಗೆ ತಿಳಿಯದೆ ಹೋದದ್ದು ಮೊದಲ ಭಾಗ. ದುಡ್ಡು ಕೊಟ್ಟರೆ ಮುಸುಕು, ಇಲ್ಲದಿದ್ದರೆ ಇಲ್ಲ ಎಂದಾದರೆ ಆ ಮುಸುಕನ್ನು ಯಾರು ಕೊಳ್ಳುತ್ತಾರೆ? ದಾವಣಗೆರೆಯಲ್ಲಿ ಮನೆಯಿಂದಲೇ ಸೀರೆ ಮಾರುವ ಹೆಣ್ಣುಮಗಳು, ವರ್ಷದ ಶುಲ್ಕ ಕಟ್ಟುವುದೇ ಹೆಚ್ಚಾಯಿತು, ಇದೆಲ್ಲ ಯಾಕೆ ಎಂದು ಬಿಡುತ್ತಾಳೆ. ವಂಚಕನಿಗೆ ಆ ಚಿಂತೆ ಇಲ್ಲ. ಅವನು ಯಾರದೋ ಕದ್ದ ಕಾರ್ಡಿನಲ್ಲಿ ಎರಡು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡುತ್ತಾನೆ. ಅಷ್ಟಕ್ಕೂ ಅವನಿಗೆ ಮುಸುಕು ಬೇಕೇ ಎಂಬುದೇ ಅನುಮಾನ. ನೋಂದಣಿಯಲ್ಲಿ ಬರೆದದ್ದೇ ಸುಳ್ಳು ವಿಳಾಸವಾದರೆ ಅದನ್ನು ಮುಚ್ಚಿಡುವ ಕಷ್ಟ ಯಾಕೆ?

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಡೊಮೈನ್ ಕೊಂಡವರ ವಿವರ ಬರೆದಿಡುವ ವಿಳಾಸ ಪುಸ್ತಕದ ಹೆಸರು ಹೂಈಸ್. ಹೆಸರಲ್ಲಿ ಹೂವಿದೆ ಎಂದು ಮುಡಿಯಲು ಹೋಗಬಾರದು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ ಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯಿದೆ. ಎಲಿಜಬೆತ್ ಫೈನ್ಲರ್ ಅವರ ಮುಂದಾಳತ್ವದಲ್ಲಿ ಅಲ್ಲಿನ ಮಾಹಿತಿ ಕೇಂದ್ರ ಆರ್ಪಾನೆಟ್‌ ಎಂಬ ಇಂಟರ್‌ನೆಟ್ಟಿನ ಅಜ್ಜನ ಲೆಕ್ಕಪತ್ರ ನೋಡಿಕೊಳ್ಳುತ್ತಿತ್ತು. 1982ರ ಮಾರ್ಚ್‌ನಲ್ಲಿ ಹೂಈಸ್‌ನ ನಿಯಮವನ್ನು ಬರೆದು ಪ್ರಕಟಿಸಿದರು: ಜಾಲ ಬಳಸುವವರು ತಮ್ಮ ಪೂರ್ಣ ಹೆಸರು, ಅಂಚೆ ವಿಳಾಸ, ಪಿನ್ ಕೋಡು, ಫೋನ್ ನಂಬರು, ಮೇಲ್ ವಿಳಾಸ ಬರೆಸಬೇಕು. ಯಾರು ಕೇಳಿದರೂ ಯಂತ್ರ ಓದಿ ಹೇಳುತ್ತದೆ. ಆಗ ಅದು ತಪ್ಪೇನೂ ಆಗಿರಲಿಲ್ಲ. ಜಾಲದಲ್ಲಿದ್ದವರು ವಿಶ್ವವಿದ್ಯಾಲಯದವರು, ಸೈನ್ಯದ ಗುತ್ತಿಗೆದಾರರು. ಒಬ್ಬರ ಕಂಪ್ಯೂಟರ್ ಕೆಟ್ಟರೆ ಇನ್ನೊಬ್ಬರು ಫೋನ್ ಮಾಡಿ ಹೇಳಬೇಕಿತ್ತು. ಅಗ್ರಹಾರದಲ್ಲಿ ಯಾರ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿದ್ದಂತೆ.

ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಕಂಪನಿಯ ಹೆಸರಲ್ಲಿ. ಅಗ್ರಹಾರ ಅಲ್ಲಿಂದ ಸಂತೆಯಾಯಿತು, ಸಂತೆ ಮಹಾನಗರವಾಯಿತು. ಆದರೆ ಬಾಗಿಲ ಮೇಲಿನ ಬೋರ್ಡು ಮಾತ್ರ ಬದಲಾಗಲಿಲ್ಲ. 1998ರಲ್ಲಿ ಹುಟ್ಟಿದ ಐಕ್ಯಾನ್, ಅಂದರೆ ಜಗತ್ತಿನ ಡೊಮೈನ್ ಹೆಸರುಗಳ ಯಜಮಾನಿಕೆ ನಡೆಸುವ ಕ್ಯಾಲಿಫೋರ್ನಿಯಾದ ಸಂಸ್ಥೆ, ಆ ಬೋರ್ಡನ್ನು ಕಾಂಟ್ರ್ಯಾಕ್ಟಿನಲ್ಲೇ ಕಡ್ಡಾಯ ಮಾಡಿತು. ಅಷ್ಟೇ ಅಲ್ಲ, 2001ರ ಒಪ್ಪಂದದ ಪ್ರಕಾರ ರಿಜಿಸ್ಟ್ರಾರುಗಳು ತಮ್ಮ ಗಿರಾಕಿಗಳ ಇಡೀ ವಿಳಾಸಪಟ್ಟಿಯನ್ನು ಕೇಳಿದವರಿಗೆ ಸಗಟಾಗಿ ಕೊಡಬೇಕಿತ್ತು. ವರ್ಷಕ್ಕೆ 10,000 ಡಾಲರಿಗಿಂತ ಹೆಚ್ಚು ಕೇಳಬಾರದೆಂಬ ಕಟ್ಟಳೆಯೂ ಇತ್ತು. ಜನರ ಮನೆ ವಿಳಾಸಕ್ಕೂ ಗರಿಷ್ಠ ಮಾರಾಟ ಬೆಲೆ ನಿಗದಿ ಮಾಡಿದ ಕೀರ್ತಿ ಈ ಸಂಸ್ಥೆಯದು.

ಈ ಪುಸ್ತಕದಲ್ಲಿ ಎಷ್ಟು ನಿಜವಿತ್ತು ಎಂದು ಐಕ್ಯಾನ್ ತಾನೇ ಒಮ್ಮೆ ಲೆಕ್ಕ ಹಾಕಿಸಿತು. ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದ ನಾರ್ಕ್ ಸಂಸ್ಥೆಯ ಆ ವರದಿ 2010ರಲ್ಲಿ ಹೊರಬಂತು. ಎಲ್ಲ ಮಾನದಂಡದಲ್ಲೂ ಪೂರ್ತಿ ಸರಿಯಿದ್ದ ದಾಖಲೆಗಳು ಶೇ. 23 ಮಾತ್ರ. ಉಳಿದವರೆಲ್ಲ ಕಳ್ಳರಲ್ಲ. ಹಲವರು ಬರೆಯುವಾಗ ತಪ್ಪಿದವರು, ಮನೆ ಬದಲಿಸಿದವರು. ಇನ್ನು ಕೆಲವರು ತಮ್ಮ ಫೋನ್ ನಂಬರನ್ನು ಊರಿಗೆಲ್ಲ ಹಂಚಲು ಒಲ್ಲದೆ ಒಂಬತ್ತು ಸೊನ್ನೆ ಬರೆದು ಕೈತೊಳೆದುಕೊಂಡವರು. ಹೂಈಸ್‌ನಲ್ಲಿ ಕಾಣುವ ಮೇಲ್ ವಿಳಾಸಗಳಿಗೆ ಕಸದ ಮೇಲ್ ಬರುತ್ತದೆಯೇ ಎಂದು ಐಕ್ಯಾನ್‌ನ ಭದ್ರತಾ ಸಲಹಾ ಸಮಿತಿ 2007ರಲ್ಲಿ ಪರೀಕ್ಷೆ ಮಾಡಿ, ಬರುತ್ತದೆ ಎಂದೂ ಹೇಳಿತ್ತು. ತಿಪ್ಪೆಗೆ ನೊಣ ಬರುತ್ತದೆಯೇ ಎಂದು ಸಮಿತಿ ನೇಮಿಸಿದ ಹಾಗೆ.

ಸೊನ್ನೆ ಬರೆದವರನ್ನು ಬೈಯುವ ಮುನ್ನ ನಿಜ ಬರೆದವರ ಗತಿ ನೋಡಬೇಕು. ಹೊಸ ಹೆಸರು ಕೊಂಡು ದುಡ್ಡು ಕಟ್ಟಿ ಕಾಫಿ ಇಳಿಸುವಷ್ಟರಲ್ಲಿ ಫೋನು. "ಸಾರ್, ನೀವು ಡೊಮೈನ್ ತಗೊಂಡಿದೀರಿ, ವೆಬ್‌ಸೈಟ್ ಡಿಸೈನ್ ಮಾಡಿಸ್ತೀರಾ?" ಬೇಡ ಎಂದರೆ ಲೋಗೊ. ಅದೂ ಬೇಡ ಎಂದರೆ ಗೂಗಲ್‌ನಲ್ಲಿ ಮೊದಲನೇ ಪುಟ. ಇದರಲ್ಲಿ ಮಾಟ ಮಂತ್ರವೇನಿಲ್ಲ. ದಿನವೂ ಸಿಗುವ ಡೊಮೈನ್ ಹೆಸರುಗಳ ಪಟ್ಟಿಯಲ್ಲಿ ನಿನ್ನೆಯದಕ್ಕೂ ಇವತ್ತಿನದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರ ತೆಗೆಯುತ್ತದೆ. ಆ ಹೊಸ ಹೆಸರುಗಳನ್ನು ಒಂದೊಂದಾಗಿ ಹೂಈಸ್‌ಗೆ ಕೊಟ್ಟು ನಂಬರು ಎತ್ತುತ್ತದೆ. ಆಮೇಲೆ ಆ ಪಟ್ಟಿ ಬೆಳಗಿನ ಸೊಪ್ಪಿನಂತೆ ತಾಜಾ ಇರುವಾಗಲೇ ಮಾರಾಟವಾಗುತ್ತದೆ. ಅಂಚೆಯಲ್ಲಿ ಬರುವ ನಕಲಿ ನವೀಕರಣ ಬಿಲ್ಲುಗಳದು ಇನ್ನೊಂದು ದಂಧೆ. ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ ಎಂಬ ಸರ್ಕಾರಿ ಗತ್ತಿನ ಹೆಸರಿಟ್ಟುಕೊಂಡು ಅಂಥ ಪತ್ರ ಕಳಿಸುತ್ತಿದ್ದವರ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2003ರಲ್ಲೇ ಕ್ರಮ ಕೈಗೊಂಡಿತ್ತು.

ಸೀರೆ ಮಾರುವವಳಿಗೆ ಇದು ಕಿರಿಕಿರಿ. ಗಂಡನ ಹೊಡೆತದಿಂದ ತಪ್ಪಿಸಿಕೊಂಡು ಬೇರೆ ಊರಲ್ಲಿ ನೆಲೆಸಿದವಳಿಗೆ ಅಥವಾ ಮರಳು ದಂಧೆಯ ಬಗ್ಗೆ ಬರೆಯುವವನಿಗೆ ಕಿರಿಕಿರಿ ಎಂಬ ಪದ ಸಾಲದು.

2015ರಲ್ಲಿ ಐಕ್ಯಾನ್‌ನ ಮುಂದೆ, ದುಡ್ಡಿನ ವ್ಯವಹಾರ ನಡೆಸುವ ತಾಣಗಳಿಗೆ ಮುಸುಕನ್ನೇ ನಿಷೇಧಿಸಬೇಕೆಂಬ ಸಲಹೆ ಬಂದಾಗ ಸಾವಿರಾರು ಜನ ಪತ್ರ ಬರೆದು ವಿರೋಧಿಸಿದರು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನಂಥ ಸಂಘಟನೆಗಳೂ, ಆನ್‌ಲೈನ್ ಕಿರುಕುಳಕ್ಕೆ ಒಳಗಾದವರ ಪರ ನಿಂತವರೂ ದನಿಗೂಡಿಸಿದರು. ಆ ಸಲಹೆ ಬಿದ್ದುಹೋಯಿತು. ಡಾಟ್ ಯುಎಸ್‌ನಲ್ಲಿ ಮಾತ್ರ ಅಮೆರಿಕ ಸರ್ಕಾರ 2005ರಲ್ಲೇ ಮುಸುಕಿಗೆ ನಿಷೇಧ ಹೇರಿತ್ತು. ನಮ್ಮ ಡಾಟ್ ಇನ್ ನಡೆಸುವ ನಿಕ್ಸಿಯ ನಿಯಮದಲ್ಲೂ ರಿಜಿಸ್ಟ್ರಾರು ಮುಸುಕು ಮಾರುವಂತಿಲ್ಲ.

ಐಕ್ಯಾನ್ ತಾನಾಗಿ ಬದಲಾಗಲಿಲ್ಲ, ಯುರೋಪು ಕಿವಿ ಹಿಂಡಿತು. ಅಲ್ಲಿನ ಖಾಸಗಿತನ ಕಾವಲುಗಾರರು 2003ರಿಂದಲೇ ಹೂಈಸ್ ಬಗ್ಗೆ ಎಚ್ಚರಿಸುತ್ತಿದ್ದರು. ಜಿಡಿಪಿಆರ್ ಎಂಬ ಅಲ್ಲಿನ ಖಾಸಗಿತನದ ಕಾನೂನು 2016ರಲ್ಲಿ ಅಂಗೀಕಾರವಾಗಿ, ತಯಾರಿಗೆ ಎರಡು ವರ್ಷ ಕೊಟ್ಟಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ಹುಡುಗನಂತೆ ಐಕ್ಯಾನ್ ವಿವರ ಮರೆಮಾಡುವ ತಾತ್ಕಾಲಿಕ ನಿಯಮವನ್ನು ಒಪ್ಪಿದ್ದು 2018ರ ಮೇ 17ಕ್ಕೆ. ಕಾನೂನು ಜಾರಿಗೆ ಬಂದದ್ದು ಮೇ 25ಕ್ಕೆ. ಅದೇ ದಿನ ಐಕ್ಯಾನ್ ಜರ್ಮನಿಯ ಬಾನ್ ನಗರದಲ್ಲಿ ಇಪ್ಯಾಗ್ ಎಂಬ ರಿಜಿಸ್ಟ್ರಾರಿನ ಮೇಲೆ ದಾವೆ ಹೂಡಿತು. ಇಪ್ಯಾಗ್ ಮಾಡಿದ ಅಪರಾಧವೇನು? ಹೆಸರು ಕೊಂಡವನ ವಿವರ ಸಾಕು, ಅದರ ಜೊತೆಗೆ ಆಡಳಿತ ಸಂಪರ್ಕ, ತಾಂತ್ರಿಕ ಸಂಪರ್ಕ ಎಂದು ಇನ್ನಿಬ್ಬರ ವಿವರ ನಾವು ಕೇಳುವುದಿಲ್ಲ ಎಂದದ್ದು. ಕೋರ್ಟು ಕೆಲವೇ ದಿನಗಳಲ್ಲಿ ಐಕ್ಯಾನ್‌ನ ಕೋರಿಕೆಯನ್ನು ತಳ್ಳಿಹಾಕಿತು. ಮೂರೂ ಜಾಗದಲ್ಲಿ ಒಬ್ಬನೇ ತನ್ನ ಹೆಸರು ಬರೆಯಲು ಇಷ್ಟು ದಿನ ಬಿಟ್ಟಿದ್ದೀರಿ, ಹಾಗಾದರೆ ಉಳಿದೆರಡು ಅಗತ್ಯವೆಂದು ಹೇಗೆ ನಂಬುವುದು ಎಂಬುದು ಅದರ ತರ್ಕದ ಸಾರ. ಕಲೋನಿನ ಮೇಲಿನ ಕೋರ್ಟೂ ಮೇಲ್ಮನವಿಯನ್ನು ಒಪ್ಪಲಿಲ್ಲ. ಜೆರಾಕ್ಸ್ ಮೂರು ಪ್ರತಿ ತನ್ನಿ ಎನ್ನುವ ಕಚೇರಿಗಳಿಗೆಲ್ಲ ಈ ತೀರ್ಪಿನ ಒಂದು ಪ್ರತಿ ಕಳಿಸಬೇಕು ಎಂಬುದು ಅರ್ಜಿದಾರನ ಬಹುಕಾಲದ ಆಸೆ.

ಅಲ್ಲಿಂದ ಡಾಟ್ ಕಾಮ್ ದಾಖಲೆಗಳಲ್ಲಿ ಹೆಸರಿನ ಜಾಗದಲ್ಲಿ ಖಾಸಗಿತನಕ್ಕಾಗಿ ಮರೆಮಾಡಲಾಗಿದೆ ಎಂಬ ಒಕ್ಕಣೆ ಬಂತು. ರಾಜ್ಯ, ದೇಶ ಉಳಿದವು. ಕಾರಣ ಬರೆದು ವಿವರ ಕೇಳಲು 2023ರ ನವೆಂಬರ್‌ನಲ್ಲಿ ಒಂದು ಕಿಟಕಿಯನ್ನೂ ತೆರೆದರು. ಬ್ರ್ಯಾಂಡು ಕದ್ದ ಹೆಸರನ್ನು ವಾಪಸು ಪಡೆಯುವ ವ್ಯವಸ್ಥೆ 1999ರಿಂದಲೇ ಇದೆ, ಅಲ್ಲಿ ದೂರು ಕೊಡಲು ಎದುರಾಳಿಯ ಮನೆ ನಂಬರು ಮೊದಲೇ ಗೊತ್ತಿರಬೇಕೆಂದಿಲ್ಲ. 2025ರ ಜನವರಿಯಲ್ಲಿ ಹಳೆಯ ಹೂಈಸ್ ಅನ್ನು ಕಡ್ಡಾಯವಾಗಿ ನಡೆಸುವ ಕಟ್ಟುಪಾಡೂ ಮುಗಿದು ಆರ್‌ಡಿಎಪಿ ಎಂಬ ಹೊಸ ಪದ್ಧತಿ ಅದರ ಜಾಗಕ್ಕೆ ಬಂತು.

ಇಷ್ಟಾದ ಮೇಲೂ ಒಂದು ವಾದ ಉಳಿಯುತ್ತದೆ, ಅದಕ್ಕೆ ತೂಕವೂ ಇದೆ. ಜಮೀನಿನ ಪಹಣಿ ಎಲ್ಲರಿಗೂ ತೆರೆದಿದೆಯಲ್ಲ, ಡೊಮೈನ್ ಯಾಕೆ ಮುಚ್ಚಿರಬೇಕು? ಕರ್ನಾಟಕದ ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರು ಕೊಟ್ಟರೆ ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ, ಬ್ಯಾಂಕಿನ ಸಾಲವೂ ಕಾಣುತ್ತದೆ. ನಿಜ. ಆದರೆ ಪಹಣಿಯಲ್ಲಿ ರೈತನ ಮೊಬೈಲ್ ನಂಬರು ಇರುವುದಿಲ್ಲ. ಅವನು ರಾತ್ರಿ ಯಾವ ಮನೆಯಲ್ಲಿ ಮಲಗುತ್ತಾನೆಂದೂ ಬರೆದಿರುವುದಿಲ್ಲ. ಹಳೆಯ ಹೂಈಸ್ ಅದೆರಡನ್ನೂ ಬರೆದಿತ್ತು. ಗ್ರಾಮ ಲೆಕ್ಕಿಗರ ಮರ್ಯಾದೆಯಷ್ಟನ್ನಾದರೂ ಇಂಟರ್‌ನೆಟ್ಟು ಕಲಿಯಬಹುದಿತ್ತು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಪ್ರಕರಣ ಯಾರ ಹೆಸರಿನದು? ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಅರ್ಜಿ ಹಾಕಲು ಅವರು ಪೂರ್ಣ ಹೆಸರು, ವಿಳಾಸ ಬರೆದು ಸಹಿ ಮಾಡಿದ್ದರೆಂಬುದನ್ನು ಗಮನಿಸಬೇಕು. ಪ್ರಶ್ನೆ ಕೇಳುವವರು ತಾವು ಯಾರೆಂದು ಮೊದಲು ಹೇಳುವುದು ಕೋರ್ಟಿನ ರೀತಿ.

ಹೂಈಸ್‌ಗೆ ಆ ರೀತಿ ಎಂದೂ ಇರಲಿಲ್ಲ. 43ನೇ ಪೋರ್ಟಿನಲ್ಲಿ ಬಾಗಿಲು ತಟ್ಟಿ ಯಾರಪ್ಪಾ ಇವನು ಎಂದು ಕೇಳಿದವರನ್ನು, ನೀವ್ಯಾರು ಎಂದು ಅದು ಒಂದು ಸಲವೂ ಮರಳಿ ಕೇಳಲಿಲ್ಲ. ವಿಳಾಸ ಕೊಟ್ಟವರು ಬಯಲಲ್ಲಿ, ವಿಳಾಸ ಎತ್ತಿದವರು ಮುಸುಕಿನಲ್ಲಿ. ಅವರಿಂದ ಆ ಮುಸುಕಿಗೆ ಯಾರೂ ದುಡ್ಡು ಕೇಳಲಿಲ್ಲ.

ಆದ್ದರಿಂದ ಅರ್ಜಿದಾರನ ಕೋರಿಕೆ ಎರಡೇ. ವಿವರ ಮುಚ್ಚಿಡುವುದು ಮೊದಲಿನ ಸ್ಥಿತಿಯಾಗಿರಲಿ, ಅದಕ್ಕೆ ಶುಲ್ಕ ಬೇಡ. ಎರಡನೆಯದಾಗಿ, ಗಿರಾಕಿಯ ವಿವರ ಯಾರು, ಯಾವಾಗ, ಯಾವ ಕಾರಣ ಹೇಳಿ ಪಡೆದರು ಎಂದು ಬರೆದಿಡುವ ಒಂದು ರಿಜಿಸ್ಟರು ಇರಲಿ. ತನಿಖೆಗೆ ಅಡ್ಡಿಯಾಗದ ಹೊತ್ತಿನಲ್ಲಿ ಆ ಪುಟವನ್ನು ಗಿರಾಕಿಗೂ ತೋರಿಸಲಿ. ಅದಕ್ಕೂ 72 ಗಂಟೆ ಸಾಕು.

ಅರ್ಜಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬೇಕೆಂದು ತಿಳಿಯಿತು. ಅದಕ್ಕಾಗಿ ಅರ್ಜಿದಾರ ಮೊನ್ನೆ ಒಂದು ಡೊಮೈನ್ ಹೆಸರು ಕೊಂಡಿದ್ದಾನೆ. ಈ ಸಾಲು ಬರೆಯುವ ಹೊತ್ತಿಗೆ ಲೋಗೊದವರ ನಾಲ್ಕನೇ ಕರೆ ಬರುತ್ತಿದೆ. ನಂಬರು ಪ್ರೈವೇಟ್ ಎಂದು ತೋರಿಸುತ್ತಿದೆ.

ಇಂತಿ ತಮ್ಮ ವಿಶ್ವಾಸಿ,
ಅಶೋಕ್ ಕುಮಾರ್ ಮತ್ತು ಇತರರು